ಉಪ್ಪಲಿ ಬುರುಜು

ವಿಜಯಪುರ (ಹಿಂದಿನ ವಿಜಾಪುರ) ನಗರದ ಪಶ್ಚಿಮ ಭಾಗದಲ್ಲಿ, ಕೋಟೆಗೋಡೆಯಿಂದ ಒಳಕ್ಕೆ ಸರಿದು, ದಖ್ಖನಿ ಈದ್ಗಾದ ಉತ್ತರಕ್ಕೆ ಒಂಟಿಯಾಗಿ ನಿಂತಿರುವ ಆದಿಲ್‌ಶಾಹಿ ಕಾಲದ ಕಾವಲು ಗೋಪುರ. ಉಪ್ಲಿ ಬುರುಜ್, ಉಪರಿ ಬುರುಜ್ ಎಂದೂ, ಕಟ್ಟಿಸಿದವನ ಹೆಸರಿನಿಂದ ಹೈದರ್ ಬುರುಜು ಎಂದೂ ಕರೆಯುತ್ತಾರೆ. ಎತ್ತರ ಸುಮಾರು 80 ಅಡಿ (24 ಮೀಟರ್). ಹೈದರ್ ಖಾನ್ ಎಂಬ ಸರದಾರ ಇದನ್ನು ಹಿಜರಿ 992ರಲ್ಲಿ, ಅಂದರೆ 1584ರ ಸುಮಾರಿಗೆ ಕಟ್ಟಿಸಿದ. ಮೆಟ್ಟಿಲೇರುವಾಗ ಬಲಗಡೆ ಕಾಣುವ ಪಾರಸಿ ಶಾಸನದಲ್ಲಿ ಅವನ ಹೆಸರೂ ವರ್ಷವೂ ಇವೆ.

ನಗರಕ್ಕೆ ಬಂದವರಲ್ಲಿ ಹೆಚ್ಚಿನವರು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮುಲ್ಕ್ ಮೈದಾನ ತೋಪು ನೋಡಿ ಹಿಂದಿರುಗುತ್ತಾರೆ. ಮುಲ್ಕ್ ಮೈದಾನ ಇರುವ ಶೇರ್ಜಾ ಬುರುಜಿನಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಸಿಗುವ ಈ ಗೋಪುರದ ಮೇಲೆ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉದ್ದದ ತೋಪೊಂದಿದೆ ಎಂಬುದು ಅವರಲ್ಲಿ ಬಹಳ ಮಂದಿಗೆ ತಿಳಿಯುವುದೇ ಇಲ್ಲ.

ಹಿನ್ನೆಲೆ

ದಖ್ಖನಿನ ಸುಲ್ತಾನರು ವಿಜಯನಗರವನ್ನು ಸೋಲಿಸಿದ ರಕ್ಕಸಗಿ-ತಂಗಡಗಿ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. ವಿಜಾಪುರದ ಹೊರಕೋಟೆಯನ್ನು ಒಂದನೆಯ ಅಲಿ ಆದಿಲ್ ಶಾಹ ಪೂರೈಸಿದ್ದೂ ಅದೇ ಹೊತ್ತಿನಲ್ಲಿ. ಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್, ಅದರಲ್ಲಿ 96 ಬುರುಜುಗಳು, ಹೊರಗೆ 40ರಿಂದ 50 ಅಡಿ ಅಗಲದ ಕಂದಕ. ಮಕ್ಕಾ, ಶಾಹಪುರ, ಬಹಮನಿ, ಅಲ್ಲಾಪುರ, ಮನಗೂಳಿ ಎಂಬ ಐದು ದೊಡ್ಡ ದರವಾಜೆಗಳು ಐದು ದಿಕ್ಕಿನ ದಾರಿಗೆ ತೆರೆಯುತ್ತಿದ್ದವು. ಇಷ್ಟು ದೊಡ್ಡ ಕೆಲಸವನ್ನು ದೊರೆ ತನ್ನ ಸರದಾರರಿಗೆ ಪಾಲು ಮಾಡಿ ಹಂಚಿದ್ದನಂತೆ. ಗೋಡೆಯ ಗುಂಟ ನಡೆದರೆ ಕಲ್ಲಿನ ಕೆಲಸ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇಲ್ಲದಿರುವುದು ಇದರಿಂದಲೇ.

ಗೋಪುರದ ಹುಟ್ಟಿಗೆ ಊರಲ್ಲಿ ಒಂದು ಕಥೆ ಇದೆ. ಗೋಡೆಯ ಪಾಲು ಹಂಚುವಾಗ ಹೈದರ್ ಖಾನ್ ದೊರೆಯ ಕೆಲಸದ ಮೇಲೆ ದೂರ ಹೋಗಿದ್ದ. ತಿರುಗಿ ಬಂದಾಗ ಹಂಚಿಕೆ ಮುಗಿದು ಅವನಿಗೆ ಒಂದು ಗೇಣೂ ಉಳಿದಿರಲಿಲ್ಲ. ನೊಂದುಕೊಂಡ ಸರದಾರನಿಗೆ ದೊರೆ, ಗೋಡೆಯಲ್ಲಿ ಪಾಲು ಸಿಗದಿದ್ದರೇನಂತೆ, ಎಲ್ಲರ ಬುರುಜನ್ನೂ ಮೇಲಿಂದ ನೋಡುವಂಥದ್ದು ಕಟ್ಟು ಎಂದು ಸಮಾಧಾನ ಹೇಳಿದನಂತೆ.

ಕಥೆ ಚೆನ್ನಾಗಿದೆ, ಆದರೆ ಶಾಸನದ ವರ್ಷದೊಂದಿಗೆ ಕೂಡಿಬರುವುದಿಲ್ಲ. ಗೋಡೆಗೂ ಗೋಪುರಕ್ಕೂ ನಡುವೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕಳೆದಿದೆ. ಅಲಿ ಆದಿಲ್ ಶಾಹ 1580ರಲ್ಲೇ ಕೊಲೆಯಾಗಿದ್ದ. ಗೋಪುರ ಎದ್ದಾಗ ಸಿಂಹಾಸನದಲ್ಲಿದ್ದವನು ಎರಡನೆಯ ಇಬ್ರಾಹಿಂ, ಇನ್ನೂ ಹುಡುಗ. ರಾಜ್ಯದ ಸೂತ್ರ ಒಬ್ಬ ಸರದಾರನಿಂದ ಇನ್ನೊಬ್ಬನಿಗೆ ಕೈ ಬದಲಾಗಿ ಕೊನೆಗೆ ದಿಲಾವರ್ ಖಾನ್ ಹಿಡಿತದಲ್ಲಿ ನಿಂತಿತ್ತು. ಈ ಒಳಜಗಳ ನೋಡಿಯೇ ಅಹಮದನಗರ, ಗೋಲ್ಕೊಂಡಗಳ ಸೇನೆಗಳು 1580ರ ದಶಕದ ಮೊದಲಲ್ಲಿ ಬಂದು ವಿಜಾಪುರಕ್ಕೆ ಮುತ್ತಿಗೆ ಹಾಕಿದ್ದವು. ಮುತ್ತಿಗೆ ಫಲಿಸಲಿಲ್ಲ. ಆದರೂ ಗೋಡೆಯೊಂದನ್ನೇ ನಂಬಿ ಕೂರುವಂತಿಲ್ಲ ಎಂಬುದು ಒಳಗಿದ್ದವರಿಗೆ ಮನವರಿಕೆಯಾಗಿರಬೇಕು. ಪಾಲು ಸಿಗದ ಸರದಾರನ ಮುನಿಸಿಗಿಂತ ಈ ಮುತ್ತಿಗೆಯೇ ಗೋಪುರಕ್ಕೆ ಹೆಚ್ಚು ಒಪ್ಪುವ ಕಾರಣ.

ನೆಲೆ

ಗೋಪುರ ಪಶ್ಚಿಮದಲ್ಲೇ ಯಾಕೆ ಎಂಬುದಕ್ಕೆ ಉತ್ತರ ನಗರದ ನೀರಿನ ವ್ಯವಸ್ಥೆಯಲ್ಲಿದೆ. ಆದಿಲ್‌ಶಾಹಿ ಕಾಲದಲ್ಲಿ ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಊರಿಗೆ ತಾನಾಗಿ ಹರಿದು ಬರುತ್ತಿತ್ತು. ಅಂದರೆ ಆ ಕಡೆ ನೆಲ ಎತ್ತರ, ಊರು ತಗ್ಗು. ನೀರಿಗೆ ಅನುಕೂಲವಾದ ಇಳಿಜಾರೇ ವೈರಿಗೂ ಅನುಕೂಲ. ತೊರವಿಯ ದಿಕ್ಕಿನಿಂದ ಬರುವ ಸೇನೆಗೆ ಊರಿನ ಒಳಭಾಗ ಕಾಣುತ್ತದೆ, ಗೋಡೆಯ ಮೇಲಿನ ಪಹರೆಯವನಿಗೆ ಏರು ದಾಟಿದ ಆಚೆ ಏನಿದೆ ಎಂದು ಕಾಣುವುದಿಲ್ಲ. ಗೋಡೆಯ ಒಳಗೇ ಎತ್ತರದ ದಿಣ್ಣೆ ಹುಡುಕಿ, ಅದರ ಮೇಲೆ 80 ಅಡಿ ಕಟ್ಟಿದರೆ ಆ ಕೊರತೆ ನೀಗುತ್ತದೆ. ಇಲ್ಲಿ ನಿಂತ ತೋಪಿನ ಗುಂಡು ಮುಂದಿನ ಗೋಡೆಯನ್ನೂ ಅದರ ಮೇಲಿರುವ ಸ್ವಂತ ಸಿಪಾಯಿಗಳನ್ನೂ ದಾಟಿ ಹೋಗಬಲ್ಲದು.

ಗೋಡೆಯ ಹಿಂದೆ ಅದಕ್ಕಿಂತ ಎತ್ತರದ ತೋಪುಕಟ್ಟೆ ಕಟ್ಟುವ ಈ ಉಪಾಯ ಆಗ ಬೇರೆಡೆಯೂ ನಡೆದಿತ್ತು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ 1566ರಲ್ಲಿ ಅಡಿಪಾಯ ಹಾಕಿದ ವಲೆಟ್ಟಾ ಕೋಟೆಯಲ್ಲೂ ಹೊರಗೋಡೆಯ ಹಿಂದೆ ಇಂಥ ಎರಡು ಕಟ್ಟೆಗಳಿವೆ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರು ಎನ್ನಬೇಕಾಗಿಲ್ಲ. ಕೋಟೆ ಮುರಿಯುವ ತೋಪು ಬಂದ ಮೇಲೆ ಕೋಟೆ ಕಾಯುವವರು ಎಲ್ಲೆಡೆ ಇದೇ ಲೆಕ್ಕಕ್ಕೆ ಬಂದಿದ್ದಾರೆ.

ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಹುಡೇವು ಎಂಬ ಕಾವಲು ಗೋಪುರಗಳಿವೆ. ಕಲ್ಲು ಮಣ್ಣಿನಲ್ಲಿ ದುಂಡಗೆ ಕಟ್ಟಿ, ಪಿಂಡಾರಿಗಳೋ ಕಳ್ಳರ ಗುಂಪೋ ಬರುವುದನ್ನು ದೂರದಿಂದ ಕಾಣಲು, ಬಂದರೆ ಹೆಂಗಸರು ಮಕ್ಕಳನ್ನು ಸೇರಿಸಲು ಊರವರು ಮಾಡಿಕೊಂಡ ಆಸರೆ ಅವು. ಹುಡೇವು ಕಂಡವರಿಗೆ ಉಪ್ಪಲಿ ಬುರುಜಿನ ಆಕಾರ ಹೊಸದೆನಿಸುವುದಿಲ್ಲ. ವ್ಯತ್ಯಾಸವೆಲ್ಲ ಇರುವುದು ತೋಪಿನ ಭಾರ ಹೊರುವ ಕಟ್ಟಡದಲ್ಲಿ.

ರಚನೆ

ಗೋಪುರ ದುಂಡನೆಯದು, ಸುತ್ತಲಿನ ನೆಲದಲ್ಲೇ ಸಿಗುವ ಕಪ್ಪು-ಕಂದು ಬಣ್ಣದ ಕಲ್ಲಿನದು. ಗೋಳಗುಮ್ಮಟದಲ್ಲಿ ಮೂಲೆಯ ಮಿನಾರುಗಳ ಒಳಗೆ ಕತ್ತಲೆಯಲ್ಲಿ ಸುತ್ತುತ್ತ ಹತ್ತುತ್ತೇವಲ್ಲ, ಇಲ್ಲಿ ಹಾಗಿಲ್ಲ. ಕಲ್ಲಿನ ಮೆಟ್ಟಿಲು ಗೋಪುರದ ಹೊರಮೈಗೆ ಅಂಟಿಕೊಂಡು, ಅದನ್ನು ಬಳಸಿ ಮೇಲೇರುತ್ತದೆ. ಒಂದು ಮಗ್ಗುಲು ಗೋಡೆ, ಇನ್ನೊಂದು ಮಗ್ಗುಲು ಬಯಲು. ಗಾಳಿಯ ದಿನ ಹತ್ತುವವರ ಕೈ ತಾನಾಗಿ ಗೋಡೆಗೆ ಹೋಗುತ್ತದೆ. ಮೆಟ್ಟಿಲು ಹೊರಗಿರುವುದು ಕಾವಲಿನ ದೃಷ್ಟಿಯಿಂದ ದೋಷದಂತೆ ಕಂಡೀತು. ಆದರೆ ಗೋಪುರ ಇರುವುದು ಕೋಟೆಯ ಒಳಗೆ. ವೈರಿ ಇದರ ಬುಡಕ್ಕೆ ಬಂದು ನಿಂತರೆ ಊರು ಆಗಲೇ ಅವನ ಕೈ ಸೇರಿದಂತೆ, ಆಮೇಲೆ ಮೆಟ್ಟಿಲು ಎಲ್ಲಿದ್ದರೇನು! ಒಳಗೆ ಮೆಟ್ಟಿಲಿಗಾಗಿ ಪೊಳ್ಳು ಬಿಡದೆ ಹೋದದ್ದರಿಂದ ತೋಪಿನ ಭಾರಕ್ಕೂ ಹಾರಿಸಿದಾಗಿನ ಒದೆತಕ್ಕೂ ಬುಡ ಗಟ್ಟಿಯಾಯಿತು.

ತಲೆಯ ಮೇಲೆ ತೋಪುಗಳ ಕಟ್ಟೆ, ಸುತ್ತ ತಡೆಗೋಡೆ, ಜೊತೆಗೆ ಮದ್ದು ಇಡುವ ಕೋಣೆ ಮತ್ತು ನೀರಿನ ತೊಟ್ಟಿ. ಮದ್ದಿನ ಹತ್ತಿರ ನೀರಿಲ್ಲದೆ ತೋಪಿನ ಕೆಲಸ ನಡೆಯುವುದಿಲ್ಲ. ಪ್ರತಿ ಸಲ ಹಾರಿಸಿದ ಮೇಲೆ ನಳಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಗೆ ಉಳಿದ ಕಿಡಿ ಆರಿಸಿಯೇ ಮತ್ತೆ ಮದ್ದು ತುಂಬಬೇಕು. ಆದಿಲ್‌ಶಾಹಿ ಬುರುಜುಗಳಲ್ಲಿ ತೋಪನ್ನು ನಡುವಿನ ಗೂಟದ ಮೇಲೆ ಬೇಕಾದ ದಿಕ್ಕಿಗೆ ತಿರುಗಿಸುವ ಏರ್ಪಾಟು ಇರುತ್ತಿತ್ತು. ಅದರ ಹಿಂದಿನ ಬಾಗುಗೋಡೆ ಒದೆತವನ್ನು ತಡೆಯುತ್ತಿತ್ತು.

ತೋಪುಗಳು

ಮೇಲೆ ಎರಡು ತೋಪುಗಳಿವೆ. ದೊಡ್ಡದಕ್ಕೆ ಲಂಬಛಡಿ ಎಂದು ಹೆಸರು. ಅದರ ಉದ್ದ 30 ಅಡಿ 8 ಅಂಗುಲ. ಚಿಕ್ಕದು 19 ಅಡಿ 10 ಅಂಗುಲ. ಇವು ಎರಕದವಲ್ಲ, ಕಮ್ಮಾರಿಕೆಯವು. ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದು ನಳಿಗೆಯಾಗಿ ಜೋಡಿಸಿ, ಕಾದ ಕಬ್ಬಿಣದ ಬಳೆಗಳನ್ನು ಮೇಲಿಂದ ತೊಡಿಸುತ್ತಿದ್ದರು. ಬಳೆ ಆರುತ್ತ ಕುಗ್ಗಿ ಪಟ್ಟಿಗಳನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಎತ್ತಿನ ಗಾಡಿಯ ಗಾಲಿಗೆ ಹಳಿ ಹಾಕುವುದನ್ನು ಕಂಡವರಿಗೆ ಈ ಕೆಲಸ ವಿವರಿಸಬೇಕಾಗಿಲ್ಲ. ತೋಪಿನ ಮೈಮೇಲೆ ಸಾಲಾಗಿ ಕಾಣುವ ಬಳೆಗಳ ಮೇಲೆ ಕೈಯಾಡಿಸಿದರೆ ಒಂದೊಂದರ ಅಂಚೂ ಬೆರಳಿಗೆ ತಾಕುತ್ತದೆ.

ಶೇರ್ಜಾ ಬುರುಜಿನ ಮುಲ್ಕ್ ಮೈದಾನದ ಜಾತಿಯೇ ಬೇರೆ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಆ ಕಂಚಿನ ತೋಪು ಸುಮಾರು 55 ಟನ್ ತೂಗುತ್ತದೆ, ಉದ್ದ ಮಾತ್ರ 15 ಅಡಿಯೂ ಇಲ್ಲ. ಅದರ ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ನೋಡುವವರ ಕಣ್ಣು ಅದಕ್ಕೆ ಹೋಗುವುದು ಸಹಜವೇ. ಅಂಥದ್ದನ್ನೂ 1854ರಲ್ಲಿ ಕೆಲಸಕ್ಕೆ ಬಾರದ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು. ಲಂಬಛಡಿಯಲ್ಲಿ ಅಂಥ ಅಲಂಕಾರವೇನೂ ಇಲ್ಲ, ದೂರಕ್ಕೆ ಗುಂಡು ಎಸೆಯಬೇಕೆಂಬ ಒಂದೇ ಉದ್ದೇಶ ಅದರದ್ದು. ಕಲಬುರಗಿ ಕೋಟೆಯ ಬಾರಾಗಜಿ ತೋಪು ಲೋಕದಲ್ಲೇ ಅತಿ ಉದ್ದದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದರ ಉದ್ದ 29 ಅಡಿ ಎನ್ನುತ್ತಾರೆ. ಹಾಗೆ ಹೇಳುವ ಮೊದಲು ಟೇಪು ಹಿಡಿದು ವಿಜಯಪುರಕ್ಕೆ ಒಮ್ಮೆ ಬಂದು ಹೋಗುವುದು ಒಳ್ಳೆಯದು.

ಮುಂದಿನ ಕಾಲ

ಗೋಪುರ ಕಟ್ಟಿ ನೂರು ವರ್ಷ ಕಳೆದ ಮೇಲೆ, 1685ರ ಏಪ್ರಿಲ್‌ನಲ್ಲಿ ಮೊಗಲರು ವಿಜಾಪುರವನ್ನು ಮುತ್ತಿದರು. ಮುತ್ತಿಗೆ ಒಂದೂವರೆ ವರ್ಷದ ಹತ್ತಿರ ನಡೆಯಿತು, ಕೊನೆಗೆ ಔರಂಗಜೇಬನೇ ಬಂದು ನಿಂತ. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್ ಶಾಹ ಶರಣಾದ. ಊರನ್ನು ಸೋಲಿಸಿದ್ದು ಗೋಡೆ ಒಡೆದ ತೋಪುಗಳಿಗಿಂತ ಹೆಚ್ಚಾಗಿ ಹಸಿವು. ಎಷ್ಟು ದೂರ ಕಾಣುವ ಗೋಪುರವಿದ್ದರೂ ಕಾಳು ಬರುವ ದಾರಿ ಮುಚ್ಚಿದ ಮೇಲೆ ಉಪಯೋಗವಾಗಲಿಲ್ಲ.

ಇಂದು ಗೋಪುರ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ. ಸುತ್ತ ಮನೆಗಳು ಬೆಳೆದು ದಿಣ್ಣೆಯ ಎತ್ತರ ಕೆಳಗಿನಿಂದ ಅಷ್ಟಾಗಿ ತಿಳಿಯುವುದಿಲ್ಲ. ಮೇಲೆ ಹತ್ತಿದರೆ ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮದಲ್ಲಿ ಗೋಡೆಯಾಚೆ ಇಬ್ರಾಹಿಂ ರೋಜಾದ ಮಿನಾರುಗಳು ಕಾಣುತ್ತವೆ. ಹೈದರ್ ಖಾನನ ಕಾಲದ ಪಹರೆಯವರಿಗೆ ಈ ಎರಡೂ ಕಂಡಿರಲಿಲ್ಲ. ರೋಜಾ ಎದ್ದದ್ದು 17ನೆಯ ಶತಮಾನದ ಮೊದಲ ಭಾಗದಲ್ಲಿ, ಗುಮ್ಮಟ ಅದೇ ಶತಮಾನದ ನಡುವೆ. ಅವರ ಕಾಲಕ್ಕೆ ಆಗಲೇ ಇದ್ದವು ಒಳಕೋಟೆಯಾದ ಅರಕಿಲ್ಲೆಯ ಗಗನಮಹಲು, ಪೂರ್ವದ ಕಡೆ ಜಾಮಿ ಮಸೀದಿಯ ಗುಮ್ಮಟ, ಮತ್ತು ಸುತ್ತಲೂ ಇಪ್ಪತ್ತು ವರ್ಷ ಹಳೆಯ ಕೋಟೆಯ ಗೋಡೆ.