ಮ್ಯಾಜಿಸ್ಟ್ರೇಟರ ಕೈಯಳತೆ

ಫೌಜದಾರಿ ಕಾನೂನಿನ ಪುಸ್ತಕವನ್ನು ಹೊತ್ತು ಕಳೆಯಲು ಓದುವವರು ಕಡಿಮೆ. ನನಗೆ ಮಾತ್ರ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 32ನೆಯ ಕಲಮು ಒಂದು ಕಥೆಯಂತೆ ಕಾಣುತ್ತದೆ. ಯಾವ ಮ್ಯಾಜಿಸ್ಟ್ರೇಟರು ಎಷ್ಟರ ಮಟ್ಟಿನ ಶಿಕ್ಷೆ ವಿಧಿಸಬಹುದೆಂಬುದನ್ನು ಅದು ಅಂಗಡಿಯ ದರಪಟ್ಟಿಯಂತೆ ಹೇಳಿಬಿಡುತ್ತದೆ. ಮೊದಲನೆಯ ದರ್ಜೆಯವರಿಗೆ ಎರಡು ವರ್ಷ ಸಜೆ, 1,000 ರೂಪಾಯಿ ಜುಲ್ಮಾನೆ. ಎರಡನೆಯ ದರ್ಜೆಯವರಿಗೆ ಆರು ತಿಂಗಳು, 200 ರೂಪಾಯಿ. ಮೂರನೆಯ ದರ್ಜೆಯವರಿಗೆ ಒಂದು ತಿಂಗಳು, 50 ರೂಪಾಯಿ. ಮೊದಲನೆಯವರ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಮಾತುಂಟು: ಛಡಿಯೇಟು.

ಈ ಮಾತು ಬರಿಯ ಕಾಗದದ ಮೇಲೆ ಉಳಿದದ್ದಲ್ಲ. 1921ರ ಅಸಹಕಾರ ಚಳವಳಿಯಲ್ಲಿ ಕಾಶಿಯ ಮ್ಯಾಜಿಸ್ಟ್ರೇಟರ ಮುಂದೆ ನಿಂತ ಹುಡುಗನೊಬ್ಬ ಹೆಸರು ಕೇಳಿದಾಗ ‘ಆಜಾದ್’ ಎಂದನಂತೆ. ಅವನಿಗೆ ದೊರೆತದ್ದು ಛಡಿಯೇಟೇ. ಚಂದ್ರಶೇಖರ ಆಜಾದ್ ಎಂಬ ಹೆಸರು ದೇಶಕ್ಕೆ ಬಂದದ್ದು ಹೀಗೆ. ಛಡಿ ಕಾನೂನಿನಿಂದ ತೊಲಗಿದ್ದು 1955ರಲ್ಲಿ, ಸ್ವಾತಂತ್ರ್ಯ ಬಂದು ಎಂಟು ವರ್ಷವಾದ ಮೇಲೆ!

ಅಳತೆಯ ಮಾತಿರಲಿ, ಅಳೆಯುವ ಕೈ ಯಾರದು? ಮೈಸೂರಿನ ಅಮಲ್ದಾರರು, ಮುಂಬಯಿ ಕರ್ನಾಟಕದ ಮಾಮಲೇದಾರರು ಬೆಳಿಗ್ಗೆ ಕಂದಾಯ ವಸೂಲಿ ನೋಡಿ, ಮಧ್ಯಾಹ್ನ ಮ್ಯಾಜಿಸ್ಟ್ರೇಟರಾಗಿ ಕೂತುಬಿಡಬಹುದಾಗಿತ್ತು. ಅವರಲ್ಲಿ ಸಜ್ಜನರಿರಲಿಲ್ಲವೆಂದಲ್ಲ, ಆದರೆ ಕಂದಾಯ ಬಾಕಿಯ ರೈತನಿಗೆ ಆ ಎರಡು ಕುರ್ಚಿಗಳ ವ್ಯತ್ಯಾಸ ತಿಳಿಯುವುದು ಹೇಗೆ? 1973ರ ಹೊಸ ಕೋಡು ಮೂರನೆಯ ದರ್ಜೆಯನ್ನು ತೆಗೆದುಹಾಕಿ, ಶಿಕ್ಷೆ ವಿಧಿಸುವ ಮ್ಯಾಜಿಸ್ಟ್ರೇಟರನ್ನು ಹೈಕೋರ್ಟಿನ ಅಧೀನಕ್ಕೆ ತಂದಿತು. ನನ್ನ ಎಣಿಕೆಯಲ್ಲಿ ಈ ಇತಿಹಾಸದಲ್ಲೇ ದೊಡ್ಡ ಹೆಜ್ಜೆ ಅದು.

ಉಳಿದದ್ದು ಅಂಕಿಗಳು. ಮೊದಲನೆಯ ದರ್ಜೆಯವರ ಸಜೆಯ ಮಿತಿ ಎರಡು ವರ್ಷದಿಂದ 1973ರಲ್ಲಿ ಮೂರಕ್ಕೇರಿ ಅಲ್ಲೇ ನಿಂತಿದೆ. ಜುಲ್ಮಾನೆಯ ಮಿತಿ 1955ರಲ್ಲಿ 2,000, 1973ರಲ್ಲಿ 5,000, 2005ರ ತಿದ್ದುಪಡಿಯಲ್ಲಿ 10,000, 2023ರ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 50,000. ರೂಪಾಯಿಯ ಬೆಲೆ ಇಳಿಯಿತು, ಅಂಕಿ ಏರಿತು, ಇದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಜುಲ್ಮಾನೆ ತೆರಲು ಹಣವಿಲ್ಲದವನ ಗತಿಯೇನು? ಜುಲ್ಮಾನೆಯೊಂದೇ ಶಿಕ್ಷೆಯಾದ ಸಣ್ಣ ತಪ್ಪಿನಲ್ಲಿಯೂ, 50 ರೂಪಾಯಿಯೊಳಗಿನ ಮೊತ್ತ ತೆರಲಾರದವನನ್ನು ಎರಡು ತಿಂಗಳವರೆಗೆ ಸಾದಾ ಸಜೆಯಲ್ಲಿಡಬಹುದೆಂದು 1860ರ ದಂಡಸಂಹಿತೆಯ 67ನೆಯ ಕಲಮು ಹೇಳಿತು. ಮಿಕ್ಕ ಅಂಕಿಗಳೆಲ್ಲ ಬೆಳೆದರೂ ಈ 50 ಮಾತ್ರ 2024ರ ಜೂನ್ ಕೊನೆಯವರೆಗೆ ಅಲುಗಲಿಲ್ಲ. ಹೊಸ ನ್ಯಾಯ ಸಂಹಿತೆ ಅದನ್ನು 5,000 ಮಾಡಿದೆ. ಎರಡು ತಿಂಗಳು ಎರಡು ತಿಂಗಳಾಗಿಯೇ ಇದೆ. ಜೊತೆಗೆ ಕೆಲವು ಸಣ್ಣ ತಪ್ಪುಗಳಿಗೆ ಮ್ಯಾಜಿಸ್ಟ್ರೇಟರು ಈಗ ಸಮುದಾಯ ಸೇವೆಯನ್ನೂ ವಿಧಿಸಬಹುದು: ಊರಿಗೆ ಉಪಯೋಗವಾಗುವ ಕೆಲಸ, ಕೂಲಿಯಿಲ್ಲ, ಜೈಲೂ ಇಲ್ಲ.