ಗಡಿಭಾಗದಿಂದ ನರ್ಸಿಂಗ್ ತರಬೇತಿಗೆ ಅರ್ಜಿ: ಯಾವ ರಾಜ್ಯ, ಯಾವ ಕಾಗದ?

ಪಿಯುಸಿ, ಪ್ಲಸ್ ಟು ಫಲಿತಾಂಶ ಬಂದ ವಾರದಿಂದ ಸಂಘದ ಫೋನಿಗೆ ಬಿಡುವಿರುವುದಿಲ್ಲ. ಮಂಜೇಶ್ವರದಿಂದ, ಅಕ್ಕಲಕೋಟೆಯಿಂದ, ತಾಳವಾಡಿಯಿಂದ, ಮಡಕಶಿರಾದಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಗಳಿಗೆ ನರ್ಸಿಂಗ್ ಮಾಡಿಸಬೇಕು, ಎಲ್ಲಿಗೆ ಅರ್ಜಿ ಹಾಕೋದು?" ಮಾತು ಮುಗಿಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಬರುತ್ತದೆ: "ನಮ್ಮ ಸರ್ಟಿಫಿಕೇಟು ಅಲ್ಲಿ ನಡೆಯುತ್ತಾ?" ಈ ಎರಡನೆಯದನ್ನೇ ಮೊದಲು ಕೇಳಬೇಕು. ಗಡಿಯಲ್ಲಿರುವ ನಮಗೆ ಅಂಕಕ್ಕಿಂತ ಹೆಚ್ಚು ಸಲ ಕೈಕೊಟ್ಟಿರುವುದು ಕಾಗದ.

ಈ ತರಬೇತಿಗೆ ನಮ್ಮ ಮಕ್ಕಳು ಹೋಗಲೇಬೇಕು ಎಂದು ನಾವು ಹಟ ಹಿಡಿಯುವುದಕ್ಕೆ ಕಾರಣವಿದೆ. ಗಡಿಯಾಚೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಳಿತು ನೋಡಿದವರಿಗೆ ಇದು ಗೊತ್ತು. ಅಜ್ಜಿ ಕನ್ನಡದಲ್ಲಿ ಹೇಳುತ್ತಾಳೆ, ನರ್ಸಿಗೆ ಕನ್ನಡ ಬಾರದು, ನಡುವೆ ಏಳನೇ ಕ್ಲಾಸಿನ ಮೊಮ್ಮಗ ದುಭಾಷಿ. "ಎದೆ ಹಿಡಿದಂಗಾಗುತ್ತೆ" ಅಂದದ್ದು ಅವನ ಬಾಯಲ್ಲಿ ಕೆಮ್ಮು ಆಗುತ್ತದೆ. ಬಿಳಿಸೆರಗಿನ ತೊಂದರೆಯನ್ನು ಅವಳು ಅವನ ಎದುರು ಹೇಳುವುದೇ ಇಲ್ಲ, ಹಾಗೇ ಮನೆಗೆ ಬರುತ್ತಾಳೆ. ಕಾಡಂಚಿನ ಪೋಡು, ಹಾಡಿಗಳಲ್ಲಿ ತೊಂದರೆ ಇನ್ನೂ ಒಂದು ಪದರ ಹೆಚ್ಚು: ಅಲ್ಲಿನವರ ಮಾತು ರಾಜ್ಯಭಾಷೆಯಂತೂ ಅಲ್ಲ, ಪಟ್ಟಣದ ಕನ್ನಡವೂ ಅಲ್ಲ.

ಅಲ್ಲಿನವರನ್ನೇ ತರಬೇತಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸುತ್ತಲೇ ಉದಾಹರಣೆಗಳಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಹೆಣ್ಣುಮಕ್ಕಳಿಗೆ ಎಎನ್‌ಎಂ ತರಬೇತಿ ಕೊಡಿಸಿತು. ಆ ಬೆಟ್ಟದ ಆಚೆ ಬದಿಯೇ ನಮ್ಮ ತಾಳವಾಡಿ. ನೀಲಗಿರಿಯ ಗೂಡಲೂರು ಆದಿವಾಸಿ ಆಸ್ಪತ್ರೆಯಲ್ಲಿ ಪಣಿಯ, ಬೆಟ್ಟಕುರುಂಬ, ಕಾಟ್ಟುನಾಯಕ ಸಮುದಾಯಗಳ ಯುವತಿಯರೇ ನರ್ಸ್‌ಗಳಾಗಿ ತಯಾರಾದರು. ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ ಕಣಿವೆಯಲ್ಲಿ ವೈದ್ಯ ದಂಪತಿ ರೆಜಿ ಜಾರ್ಜ್ ಮತ್ತು ಲಲಿತಾ 1993ರಲ್ಲಿ ಒಂದು ಗುಡಿಸಲಿನಿಂದ ಶುರುಮಾಡಿ, ಊರಿನ ಹುಡುಗಿಯರಿಗೇ ಕೆಲಸ ಕಲಿಸಿದರು. ಮೂರೂ ಕಡೆ ಆಯ್ಕೆಯಲ್ಲಿ ತೂಕ ಬಿದ್ದದ್ದು ಊರಿನ ಪರಿಚಯಕ್ಕೆ ಮತ್ತು ಭಾಷೆಗೆ. ಅರ್ಜಿ ಬರೆಯುವಾಗ ಇದು ನೆನಪಿರಲಿ, ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಯಾವ ಕೋರ್ಸ್

ಇದನ್ನು ಬೇಗ ಮುಗಿಸುತ್ತೇವೆ. ಎಎನ್‌ಎಂ ಎರಡು ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ. ಹನ್ನೆರಡನೆಯ ತರಗತಿ ಪಾಸಾಗಿದ್ದರೆ ಸಾಕು, ಕಲಾ ವಿಭಾಗವಾದರೂ ಆಗುತ್ತದೆ. ಉಪಕೇಂದ್ರದಲ್ಲಿ ಕೂತು ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು, ಕೂಸುಗಳ ಲಸಿಕೆಯನ್ನು ನೋಡಿಕೊಳ್ಳುವ ಕೆಲಸ ಇದು. ಜಿಎನ್‌ಎಂ ಮೂರು ವರ್ಷ. ಇದಕ್ಕೂ ವಿಜ್ಞಾನವೇ ಆಗಬೇಕೆಂದಿಲ್ಲ, ಆದರೆ ಹನ್ನೆರಡರಲ್ಲಿ ಶೇ. 40 ಅಂಕ ಮತ್ತು ಇಂಗ್ಲಿಷ್ ಬೇಕು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು, ಸಾಮಾನ್ಯ ವರ್ಗಕ್ಕೆ ಶೇ. 45 ಬೇಕು. ಎಲ್ಲಕ್ಕೂ 17 ವರ್ಷ ತುಂಬಿರಬೇಕು. ಎಎನ್‌ಎಂ, ಜಿಎನ್‌ಎಂಗೆ 35ರವರೆಗೆ ಅವಕಾಶವಿದೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ಓದು ನಿಲ್ಲಿಸಿ ಮದುವೆಯಾದ ಹೆಣ್ಣುಮಗಳು ಮನೆಯಲ್ಲಿದ್ದರೆ ಅವರಿಗೂ ಈ ಮಾತು ಮುಟ್ಟಿಸಿ.

ಎಲ್ಲರೂ ಬಿಎಸ್ಸಿಯನ್ನೇ ಬಯಸುತ್ತಾರೆ. ತಪ್ಪಲ್ಲ. ಆದರೆ ಊರಿನಲ್ಲೇ ಉಳಿದು ಕೆಲಸ ಮಾಡುವ ಮನಸ್ಸಿದ್ದರೆ ಎಎನ್‌ಎಂ ಕಡಿಮೆಯದು ಎಂಬ ಭಾವನೆ ಬೇಡ.

ಗಡಿನಾಡು, ಹೊರನಾಡು: ಎರಡೂ ಒಂದಲ್ಲ

ಕರ್ನಾಟಕದಲ್ಲಿ ಓದಬೇಕೆನ್ನುವವರು ಇಲ್ಲಿ ನಿಧಾನವಾಗಿ ಓದಿ. ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ತುಂಬುತ್ತದೆ. ಸಾಮಾನ್ಯ ಷರತ್ತು ಹೀಗೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಅಲ್ಲೇ ಪಾಸು ಮಾಡಿರಬೇಕು. ಮನೆ ತಾಳವಾಡಿಯಲ್ಲಿದ್ದು ಚಾಮರಾಜನಗರದ ಶಾಲೆಗೆ ಹೋದ ಮಗು, ಮಡಕಶಿರಾದಲ್ಲಿದ್ದು ಪಾವಗಡದ ಹಾಸ್ಟೆಲಿನಲ್ಲಿ ಬೆಳೆದ ಮಗು ಈ ಷರತ್ತಿನಲ್ಲೇ ಬರಬಹುದು. ಅಂಥವರೂ ಗಾಬರಿಯಲ್ಲಿ ಹೊರನಾಡು ಎಂದು ಗುರುತು ಹಾಕಿ ಅರ್ಜಿ ತುಂಬಿದ್ದನ್ನು ನೋಡಿದ್ದೇವೆ.

"ಗಡಿನಾಡು ಕನ್ನಡಿಗ" ಎಂಬ ಷರತ್ತು ಬೇರೆ. ಹೆಸರು ಕೇಳಿದರೆ ಗಡಿಯಲ್ಲಿರುವ ನಮ್ಮೆಲ್ಲರಿಗೂ ಅನ್ವಯಿಸುತ್ತದೆ ಅನಿಸುತ್ತದೆ. ಇಲ್ಲ. ಅದರಲ್ಲಿ ತಾಲ್ಲೂಕುಗಳ ಹೆಸರನ್ನೇ ಬರೆದಿದ್ದಾರೆ: ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಈ ತಾಲ್ಲೂಕುಗಳಲ್ಲಿ ಏಳು ವರ್ಷ ಓದಿರಬೇಕು. ಕನ್ನಡದ ಜೊತೆಗೆ ತುಳು, ಕೊಡವ ಮಾತೃಭಾಷೆಯವರಿಗೂ ಅವಕಾಶವಿದೆ, ಮಂಜೇಶ್ವರದ ತುಳುವರು ಹಿಂಜರಿಯಬೇಕಿಲ್ಲ. ಆದರೆ ಹೊಸೂರು, ತಾಳವಾಡಿ, ನೀಲಗಿರಿ, ವಯನಾಡು, ಆದೋನಿ, ರಾಯದುರ್ಗ, ಮಡಕಶಿರಾ ಈ ಪಟ್ಟಿಯಲ್ಲಿಲ್ಲ. ಅಲ್ಲಿನವರು ನೋಡಬೇಕಾದದ್ದು ಹೊರನಾಡು ಕನ್ನಡಿಗ ಎಂಬ ಷರತ್ತು. ಅದರ ನಿಬಂಧನೆಗಳು ಬೇರೆ, ಕೇಳುವ ದಾಖಲೆಗಳೂ ಬೇರೆ. ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ಆ ಪುಟವನ್ನು ಅಕ್ಷರ ಬಿಡದೆ ಓದಿ, ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಆದೋನಿಯ ಕನ್ನಡಿಗ ಅಕ್ಕಲಕೋಟೆಯವನಿಗಿಂತ ಕಡಿಮೆ ಗಡಿನಾಡಿನವನೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಪಟ್ಟಿ ಹಾಗಿದೆ.

ಈ ಎರಡೂ ವರ್ಗದವರು ಸಿಇಟಿಯ ಜೊತೆಗೆ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 50 ಅಂಕದ ಪರೀಕ್ಷೆ, 12 ಬಂದರೆ ಪಾಸು. ಮಟ್ಟ ನಾಲ್ಕನೆಯ ತರಗತಿಯದು. ಸುಲಭ ಎಂದು ನಗಬೇಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಮನೆಯಲ್ಲಿ ಮಾತ್ರ ಕನ್ನಡ ಆಡುವ ಮಕ್ಕಳು ಒತ್ತಕ್ಷರದಲ್ಲಿ ಎಡವುತ್ತಾರೆ. ಇನ್ನೊಂದು ತೊಡಕು ದಿನಾಂಕದ್ದು. ಈ ಪರೀಕ್ಷೆ ಸಿಇಟಿಯ ಹಿಂದಿನ ಅಥವಾ ಮುಂದಿನ ದಿನವೇ ನಡೆಯುತ್ತದೆ. ಮೊದಲು ಬೆಂಗಳೂರು ಒಂದೇ ಕೇಂದ್ರವಿತ್ತು, ಈಚಿನ ವರ್ಷಗಳಲ್ಲಿ ಮಂಗಳೂರು, ವಿಜಯಪುರ, ಬಳ್ಳಾರಿಯಂಥ ಕಡೆಯೂ ನಡೆಸುತ್ತಿದ್ದಾರೆ. ನಮ್ಮ ಸದಸ್ಯರೊಬ್ಬರ ಮಗಳು ಸಿಇಟಿ ಚೆನ್ನಾಗಿ ಬರೆದು, ಎಲ್ಲ ಮುಗಿಯಿತೆಂದು ಅದೇ ಸಂಜೆ ಬಸ್ ಹತ್ತಿ ಊರಿಗೆ ಬಂದಳು. ಮರುದಿನ ಕನ್ನಡ ಪರೀಕ್ಷೆ ಇತ್ತು. ರ‍್ಯಾಂಕ್ ಇದ್ದೂ ಆ ವರ್ಷ ಸೀಟು ಕೈಗೆ ಬರಲಿಲ್ಲ.

ಜಾತಿ ಪ್ರಮಾಣಪತ್ರ ಗಡಿ ದಾಟುವುದಿಲ್ಲ

ದುರ್ಬಲ ಸಮುದಾಯದ ಮಕ್ಕಳಿಗೇ ಈ ಏಟು ಹೆಚ್ಚು. ಕೊರಗರು ಕೇರಳದಲ್ಲೂ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲೂ ಪರಿಶಿಷ್ಟ ಪಂಗಡ. ಸೋಲಿಗರು ಕರ್ನಾಟಕದ ಪಟ್ಟಿಯಲ್ಲೂ ಇದ್ದಾರೆ, ತಮಿಳುನಾಡಿನ ಪಟ್ಟಿಯಲ್ಲೂ ಇದ್ದಾರೆ. ಹಾಗಾದರೆ ಕಾಸರಗೋಡಿನ ಕೊರಗ ಹುಡುಗಿ ತನ್ನ ಪ್ರಮಾಣಪತ್ರ ಹಿಡಿದು ಮಂಗಳೂರಿನಲ್ಲಿ ಮೀಸಲು ಸೀಟು ಕೇಳಬಹುದಲ್ಲ? ಆಗದು. ಪಟ್ಟಿ ಇರುವುದು "ಆ ರಾಜ್ಯಕ್ಕೆ ಸಂಬಂಧಿಸಿದಂತೆ" ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಅದೂ ವೈದ್ಯಕೀಯ ಸೀಟಿನದೇ ವ್ಯಾಜ್ಯ. ಆಂಧ್ರದಲ್ಲಿ ಪಂಗಡದ ಮಾನ್ಯತೆ ಇದ್ದ ಕುಟುಂಬದ ಹುಡುಗ, ತಂದೆಯ ನೌಕರಿಯಿಂದಾಗಿ ಬಾಲ್ಯದಲ್ಲೇ ಮುಂಬಯಿಗೆ ಬಂದು ಬೆಳೆದವನು, ಅಲ್ಲಿ ಮೀಸಲು ಸೀಟು ಕೇಳಿದಾಗ ಸಿಗಲಿಲ್ಲ.

ಆದ್ದರಿಂದ ನಾವು ಕೊಡುವ ಸಲಹೆ: ಮೀಸಲಾತಿ ಬೇಕೇ ಬೇಕೆನ್ನುವ ಮಗು ಮೊದಲ ಅರ್ಜಿಯನ್ನು ತನ್ನ ರಾಜ್ಯದಲ್ಲೇ ಹಾಕಲಿ. ಕರ್ನಾಟಕಕ್ಕೆ ಹಾಕುವುದಾದರೆ ಸಾಮಾನ್ಯ ಸೀಟು, ಸಾಮಾನ್ಯ ಶುಲ್ಕ ಎಂದು ಲೆಕ್ಕ ಹಾಕಿಯೇ ಹಾಕಲಿ. ಒಂದು ಸಮಾಧಾನವಿದೆ. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಬೇಕಾದದ್ದು ವಿದ್ಯಾರ್ಥಿಯ ಸ್ವಂತ ರಾಜ್ಯ. ಗಡಿ ದಾಟಿ ಓದಿದರೂ ಅರ್ಜಿ ಹಾಕಬೇಕಾದದ್ದು ಅಲ್ಲಿಗೇ. ಬಹಳ ಮಕ್ಕಳು ಕಾಲೇಜಿರುವ ರಾಜ್ಯದಲ್ಲಿ ಅರ್ಜಿ ಹಾಕಿ, ತಿರಸ್ಕೃತವಾದ ಮೇಲೆ ಸುಮ್ಮನಾಗುತ್ತಾರೆ.

ಸ್ವಂತ ರಾಜ್ಯದ ದಾರಿಗಳು ಒಂದೊಂದು ಕಡೆ ಒಂದೊಂದು. ಕೇರಳದಲ್ಲಿ ಬಿಎಸ್ಸಿ ನರ್ಸಿಂಗ್ ಅರ್ಜಿ ಎಲ್‌ಬಿಎಸ್ ಕೇಂದ್ರದ ಮೂಲಕ, ಪ್ಲಸ್ ಟು ಅಂಕದ ಮೇಲೆ. ತಮಿಳುನಾಡಿನಲ್ಲಿ ವೈದ್ಯಕೀಯ ಶಿಕ್ಷಣ ಇಲಾಖೆಯ ಆಯ್ಕೆ ಸಮಿತಿ. ಮಹಾರಾಷ್ಟ್ರದಲ್ಲಿ ರಾಜ್ಯ ಸಿಇಟಿ ಸೆಲ್ ನಡೆಸುವ ಪ್ರವೇಶ ಪರೀಕ್ಷೆ. ಆಂಧ್ರಕ್ಕೆ ವಿಜಯವಾಡದ ಎನ್‌ಟಿಆರ್ ಆರೋಗ್ಯ ವಿಶ್ವವಿದ್ಯಾಲಯ, ತೆಲಂಗಾಣಕ್ಕೆ ವರಂಗಲ್ಲಿನ ಕಾಳೋಜಿ ವಿಶ್ವವಿದ್ಯಾಲಯ. ಆಂಧ್ರ, ತೆಲಂಗಾಣದ ಪೋಷಕರಿಗೆ ಒಂದು ಎಚ್ಚರಿಕೆ: ಅಲ್ಲಿ ಹೆಚ್ಚಿನ ಸೀಟುಗಳು "ಸ್ಥಳೀಯ" ಅಭ್ಯರ್ಥಿಗಳಿಗೆ, ಮತ್ತು ಸ್ಥಳೀಯತೆ ನಿರ್ಧಾರವಾಗುವುದು ಕೊನೆಯ ವರ್ಷಗಳಲ್ಲಿ ಎಲ್ಲಿ ಓದಿದ್ದೀರಿ ಎಂಬುದರ ಮೇಲೆ. ಕನ್ನಡ ಕಲಿಯಲೆಂದು ಹೈಸ್ಕೂಲಿಗೆ ಬಳ್ಳಾರಿಗೆ ಕಳಿಸಿದ ಮಗು ಅಲ್ಲಿ ಏಳು ವರ್ಷ ತುಂಬಿಸದೆ, ಇಲ್ಲಿ ಸ್ಥಳೀಯತೆಯನ್ನೂ ಕಳೆದುಕೊಂಡು ಎರಡೂ ಕಡೆ ಹೊರಗಾಗಬಹುದು. ಇದನ್ನು ಎಂಟನೇ ತರಗತಿಗೆ ಸೇರಿಸುವಾಗಲೇ ಯೋಚಿಸಬೇಕು.

ಕಾಗದ ಪತ್ರ

ಅಂಕಪಟ್ಟಿ, ಟಿಸಿ, ಆಧಾರ್, ಆದಾಯ ಪ್ರಮಾಣಪತ್ರ ಎಲ್ಲರಿಗೂ ಗೊತ್ತು. ತಡವಾಗುವುದು ಇನ್ನೆರಡು. ಒಂದು, ವಾಸಸ್ಥಳ ದೃಢೀಕರಣ, ತಹಶೀಲ್ದಾರರ ಸಹಿಯದು. ಇನ್ನೊಂದು, ಒಂದನೇ ತರಗತಿಯಿಂದ ವರ್ಷವಾರು ವ್ಯಾಸಂಗ ಪ್ರಮಾಣಪತ್ರ. ಶಾಲೆಯ ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಮೇಲೆ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕಾಗುತ್ತದೆ. ಮುಚ್ಚಿಹೋದ ಕನ್ನಡ ಶಾಲೆಯಲ್ಲಿ ಓದಿದ್ದರೆ ಅದರ ದಾಖಲೆ ಯಾವ ಶಾಲೆಗೆ ಹೋಗಿದೆ ಎಂದು ಹುಡುಕುವುದಕ್ಕೇ ತಿಂಗಳು ಹಿಡಿಯುತ್ತದೆ. ಪರೀಕ್ಷೆಗೆ ಮುಂಚೆ, ಡಿಸೆಂಬರಿನಲ್ಲೇ ಈ ಕೆಲಸ ಹಿಡಿಯಿರಿ.

ಹೆಸರು ನೋಡಿಕೊಳ್ಳಿ. ಮನೆಯ ಕನ್ನಡ ಹೆಸರು ಮಲಯಾಳಂ, ಮರಾಠಿ, ತೆಲುಗು ಕಚೇರಿಗಳಲ್ಲಿ ಸುತ್ತಿ ಇಂಗ್ಲಿಷಿಗೆ ಬರುವಾಗ ರೂಪ ಬದಲಿಸಿರುತ್ತದೆ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು, ಮತ್ತೊಂದರಲ್ಲಿ ಮನೆತನ. ಎಲ್ಲವನ್ನೂ ಹತ್ತನೆಯ ತರಗತಿಯ ಅಂಕಪಟ್ಟಿಗೆ ಹೊಂದಿಸಿ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

"ಏಕೆ ಸೇರಬಯಸುತ್ತೀರಿ?"

ಸೇವಾಸಂಸ್ಥೆಗಳು, ಮಿಷನ್ ಆಸ್ಪತ್ರೆಗಳು ನಡೆಸುವ ತರಬೇತಿಗಳಿಗೆ ಅಂಕದ ಜೊತೆ ಒಂದು ಪುಟದ ಬರಹ, ಸಂದರ್ಶನ ಇರುತ್ತದೆ. ಸಂಘಕ್ಕೆ ತಿದ್ದಲು ಬರುವ ಹತ್ತರಲ್ಲಿ ಎಂಟು ಬರಹ "ಬಡವರ ಸೇವೆಯೇ ದೇವರ ಸೇವೆ" ಎಂದು ಶುರುವಾಗುತ್ತವೆ. ಅದನ್ನು ಹೊಡೆದುಹಾಕಿ. ನೀವು ಕಂಡದ್ದನ್ನು ಬರೆಯಿರಿ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಕಡೆಯ ಮಕ್ಕಳಿಗೆ ಇದು ಹೇಳಿಕೊಡಬೇಕಾದದ್ದಲ್ಲ. ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳವು. ಹಾಸಿಗೆ ಬಿಟ್ಟೇಳದ ಅಣ್ಣನನ್ನೋ ನೆರೆಮನೆಯ ಮಗುವನ್ನೋ ಮಗ್ಗುಲು ಬದಲಿಸಿ, ಬೆನ್ನು ಒರೆಸಿ ನೋಡಿಕೊಂಡವರು ಅಲ್ಲಿ ಬೇಕಾದಷ್ಟು ಜನ. ಆ ಕೆಲಸವನ್ನು ಹಾಗೆಯೇ, ದಿನಕ್ಕೆ ಎಷ್ಟು ಸಲ, ಏನು ಕಷ್ಟ ಎಂದು ಬರೆದರೆ ಆಯ್ಕೆ ಮಾಡುವವರು ಓದುತ್ತಾರೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ಸರ್ಕಾರಿ ನೀತಿ ತಂದ ರಾಜ್ಯ. ಅಲ್ಲಿ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುತ್ತಾರೆ. ಎಎನ್‌ಎಂ ಅಥವಾ ಜಿಎನ್‌ಎಂ ಮುಗಿಸಿದವರು ಅದರ ಕಿರು ತರಬೇತಿ ಪಡೆದು ಆ ಕೆಲಸಕ್ಕೆ ಹೋಗಬಹುದು. ಕನ್ನಡ, ತುಳು ಬಲ್ಲ ನರ್ಸ್ ಆ ಮನೆಗಳಿಗೆ ಬೇಕು.

ಸಂದರ್ಶನದಲ್ಲಿ "ಕೋರ್ಸ್ ಮುಗಿದ ಮೇಲೆ ವಿದೇಶಕ್ಕೆ ಹೋಗುತ್ತೀರಾ?" ಎಂದು ಕೇಳುತ್ತಾರೆ. ಸುಳ್ಳು ಹೇಳಬೇಡಿ. ಇಷ್ಟು ವರ್ಷ ಇಲ್ಲಿ ಕೆಲಸ ಮಾಡುತ್ತೇನೆ ಎಂದು ಹೇಳಲಾಗುವಷ್ಟನ್ನೇ ಹೇಳಿ. ಪ್ರಾಯೋಜಿತ ಸೀಟುಗಳಿಗೆ ಸೇವಾ ಒಪ್ಪಂದ ಇರುತ್ತದೆ. ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಹಣ ಎಂಬುದನ್ನು ಮನೆಯವರ ಜೊತೆ ಕೂತು ಓದಿ ಸಹಿ ಮಾಡಿ. ಮೂಲ ಅಂಕಪಟ್ಟಿಯನ್ನು ಯಾರಿಗೂ ಒತ್ತೆ ಕೊಡಬೇಡಿ. ಕಾಯಿಲೆಯಿಂದ ಓದು ಬಿಟ್ಟ ನಮ್ಮ ಕಡೆಯ ಹುಡುಗಿಯೊಬ್ಬಳು ಖಾಸಗಿ ಕಾಲೇಜೊಂದರಿಂದ ತನ್ನ ಹತ್ತನೇ ತರಗತಿಯ ಪತ್ರ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಅಲೆದಳು.

ಕೊನೆಯದಾಗಿ, ನೋಂದಣಿ. ನರ್ಸ್ ಕೆಲಸ ಮಾಡುವ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ಇರಲೇಬೇಕು. ಕರ್ನಾಟಕದಲ್ಲಿ ಓದಿ ಕಾಸರಗೋಡಿನಲ್ಲಿ ಕೆಲಸ ಮಾಡುವುದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮತ್ತೆ ನೋಂದಾಯಿಸಬೇಕು. ಕಾಲೇಜಿಗೆ ರಾಜ್ಯ ಪರಿಷತ್ತಿನ ಮಾನ್ಯತೆ ಇದೆಯೇ, ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲು ನೋಡಿ. ಏಜೆಂಟರ ಮಾತು ಸಾಲದು. ಪಟ್ಟಿಯನ್ನು ನೀವೇ ತೆರೆದು ನೋಡಿ.

ಅರ್ಜಿ ತುಂಬುವಾಗ ಅನುಮಾನ ಬಂದರೆ ಸಂಘದ ಕಚೇರಿಗೆ ಬನ್ನಿ. ಮಗುವೂ ಜೊತೆಗಿರಲಿ, ಎರಡು ಸಾಲು ಕನ್ನಡ ಬರೆಸಿ ನೋಡುತ್ತೇವೆ. ಪತ್ರಗಳ ನಕಲು ಮಾತ್ರ ತನ್ನಿ, ಮೂಲಪ್ರತಿ ಮನೆಯಲ್ಲೇ ಇರಲಿ.