ದಂಡು ಬಿಟ್ಟ ದಾರಿ: ರಾಜ್ಯ ಹೆದ್ದಾರಿ 17ರ ಪೂರ್ವಚರಿತ್ರೆ

ರಾಜ್ಯ ಹೆದ್ದಾರಿ 17 ಎಂದು ಹೆಸರಾಗಿದ್ದ, ಈಗ ರಾಷ್ಟ್ರೀಯ ಹೆದ್ದಾರಿ 275ಕ್ಕೆ ಸೇರಿರುವ ಬೆಂಗಳೂರು–ಮೈಸೂರು ರಸ್ತೆಯ ಜಾಡು ಎಲ್ಲರಿಗೂ ಗೊತ್ತು: ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ರಾಮನಗರದಲ್ಲಿ ಮಾಗಡಿ, ಕನಕಪುರದ ರಸ್ತೆಗಳು, ಮದ್ದೂರಿನಲ್ಲಿ ಕುಣಿಗಲ್, ಮಳವಳ್ಳಿಯ ರಸ್ತೆಗಳು, ಮಂಡ್ಯದಲ್ಲಿ ನಾಗಮಂಗಲದ ರಸ್ತೆ ಇದನ್ನು ಕೂಡುತ್ತವೆ. ತಕರಾರಿರುವುದು ಜಾಡಿನ ಹುಟ್ಟಿನ ಬಗ್ಗೆ. ಟಿಪ್ಪು ಸುಲ್ತಾನನ ಮೇಲೆ ಏರಿಬಂದ ಈಸ್ಟ್ ಇಂಡಿಯಾ ಕಂಪನಿಯ ದಂಡು ತುಳಿದ ದಾರಿಯೇ ಹೆದ್ದಾರಿಯಾಯಿತೆಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ.

ದಂಡು ನಡೆದ ಊರುಗಳನ್ನು ಒಂದೊಂದಾಗಿ ಗುರುತಿಸಿದರೆ ಈ ಮಾತು ನಿಲ್ಲುವುದಿಲ್ಲ. 1791ರ ಮೇ ತಿಂಗಳಲ್ಲಿ ಕಂಪನಿಯ ದಂಡಿನ ನಾಯಕ ಕಾರ್ನ್‌ವಾಲಿಸ್ ಕನಕಪುರದ ಕಡೆಯಿಂದ ಬಳಸಿ ಅರಕೆರೆಗೆ ಬಂದ. 1792ರಲ್ಲಿ ಅವನ ದಂಡು ಉತ್ತರದಿಂದ ಇಳಿದು ಹಿರೋಡೆಯ, ಎಂದರೆ ಇಂದಿನ ಪಾಂಡವಪುರದ, ಬಳಿ ಬೀಡುಬಿಟ್ಟಿತು. 1799ರ ಮಾರ್ಚಿನಲ್ಲಿ ಕಂಪನಿಯ ಇನ್ನೊಬ್ಬ ಸೇನಾಪತಿ ಹ್ಯಾರಿಸ್ ಬೆಂಗಳೂರಿನ ಸಮೀಪಕ್ಕೆ ಬಂದವನು ಅಲ್ಲಿಂದ ಕನಕಪುರದತ್ತ ತಿರುಗಿದ. 27ರಂದು ಮಳವಳ್ಳಿಯಲ್ಲಿ ಕಾಳಗವಾಯಿತು, ಬಳಿಕ ಸೋಸಲೆಯಲ್ಲಿ ಹೊಳೆ ದಾಟಿದ.

ಚನ್ನಪಟ್ಟಣದ ನೇರ ದಾರಿಯನ್ನು ಬಿಟ್ಟದ್ದೇಕೆ? 1791ರಲ್ಲಿ ಟಿಪ್ಪು ಕಾದು ನಿಂತಿದ್ದು ಆ ದಾರಿಯಲ್ಲೇ, ರಾಮಗಿರಿ–ಶಿವನಗಿರಿ ಬೆಟ್ಟಗಳ ನಡುವೆ. ಶತ್ರು ಇಲ್ಲಿಂದಲೇ ಬರುತ್ತಾನೆಂದು ಅವನು ಎಣಿಸಿದ್ದನೆಂದರೆ ಅದು ಆಗಲೇ ರೂಢಿಯ ಹೆದ್ದಾರಿ. ದಂಡು ಅದನ್ನು ಬಿಟ್ಟದ್ದೇ ಅದರ ಹಿರಿತನಕ್ಕೆ ಸಾಕ್ಷಿ ಎಂಬುದು ನನ್ನ ವಾದ. 1800ರ ಮೇ ತಿಂಗಳಲ್ಲಿ, ಯುದ್ಧ ಮುಗಿದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಹೋದದ್ದು ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೂಲಕವೇ. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರ ಕಸುಬನ್ನು ಅವನು ವರ್ಣಿಸಿದ್ದಾನೆ. ದಂಡಿಗೆ ಬೇಕಾದದ್ದು ಎತ್ತುಗಳಿಗೆ ಮೇವು. ಪಯಣಿಗನಿಗೆ ಬೇಕಾದದ್ದು ಪೇಟೆ ಮತ್ತು ತಂಗುದಾಣ. ನಮ್ಮ ಹೆದ್ದಾರಿ ಈ ಎರಡನೆಯದರ ಸಂತಾನ.

ಈ ವಾದಕ್ಕೆ ಮಿತಿಗಳಿವೆ. ಒಬ್ಬ ಪಯಣಿಗನ ಬರಹದಿಂದ ಎಲ್ಲ ವರ್ತಕರ ನಡೆಯನ್ನು ಊಹಿಸುವಂತಿಲ್ಲ. ಮೈಸೂರಿನ ದಿವಾನ ಪೂರ್ಣಯ್ಯ 1804ರಲ್ಲಿ ಮುಗಿಸಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ನನ್ನ ಪರವಾಗಿ ಎಳೆದುಕೊಳ್ಳುವ ಆಸೆಯಾಗುತ್ತದೆ. ಆದರೆ ಅದು ಕಾವೇರಿಯ ಉತ್ತರ ಕವಲಿನ ಮೇಲಿದೆ. ಮಳವಳ್ಳಿಯಿಂದ ಅರಕೆರೆಯ ಮೇಲೆ ಎಡದಂಡೆಯಲ್ಲೇ ಬಂದವನೂ ಅದನ್ನು ಸೇರಬಲ್ಲ. ಆದ್ದರಿಂದ ಅದು ಎರಡೂ ದಾರಿಗಳಿಗೆ ಸಮಾನ ಸಾಕ್ಷಿ. ಪೇಟೆಯ ಜಾಡು ಕೊನೆಗೂ ಗೆದ್ದದ್ದು ಬಹುಶಃ 1880ರ ದಶಕದ ಆರಂಭದಲ್ಲಿ, ರೈಲುಹಳಿ ಚನ್ನಪಟ್ಟಣ–ಮದ್ದೂರು–ಮಂಡ್ಯಗಳನ್ನೇ ಹಿಡಿದು ಬಂದಾಗ.

ಮದ್ದೂರಿನ ಕೂಡುರಸ್ತೆ ಎಷ್ಟು ಹಳೆಯದೆಂಬುದು ಇನ್ನೂ ಬಿಡಿಸಬೇಕಾದ ಗಂಟು. ಮದ್ದೂರು, ಮಳವಳ್ಳಿ ಸೀಮೆಯ ಶಾಸನಗಳಲ್ಲಿ ಸುಂಕದ ಉಲ್ಲೇಖಗಳನ್ನು ಹೆಕ್ಕಿ ನಕ್ಷೆಯ ಮೇಲಿಟ್ಟರೆ ಅದು ಸಡಿಲವಾಗಬಹುದು. 2023ರ ಮಾರ್ಚ್ 12ರಂದು ಲೋಕಾರ್ಪಣೆಯಾದ ಹೊಸ ದಶಪಥ ಬಿಡದಿಯಿಂದ ಶ್ರೀರಂಗಪಟ್ಟಣದವರೆಗಿನ ಊರುಗಳನ್ನು ಬದಿಗೆ ಬಿಟ್ಟು ಓಡುತ್ತಿದೆ. ಹಳೆಯ ಜಾಡಿನ ಮೈಲಿಗಲ್ಲು, ಸಾಲುಮರ, ಛತ್ರಗಳನ್ನು ದಾಖಲಿಸುವ ಕೆಲಸ ಆ ಶಾಸನಗಳ ಅಧ್ಯಯನದೊಂದಿಗೇ ಆಗಬೇಕು.